ಕೆಂಚನ ನಂತರದ ಐದು ಪಂದ್ಯಗಳು: ಬ್ಲಡ್ ಬೌಲ್ ತಂಡವೊಂದರ ಪ್ರಕರಣ ಅಧ್ಯಯನ

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆಯ ಮೇಲಂತಸ್ತಿನಲ್ಲಿ ನಾವು ಆರು ಜನ ಮೂರು ವಾರಕ್ಕೊಮ್ಮೆ ಭಾನುವಾರ ಸೇರಿ ಬ್ಲಡ್ ಬೌಲ್ ಆಡುತ್ತೇವೆ. ಲೀಗ್ ನಡೆಸುವ ಜವಾಬ್ದಾರಿ ನನ್ನದು. ಹೊಸದಾಗಿ ಸೇರಿದ ಒಬ್ಬ ತರಬೇತುದಾರನ ತಂಡ ಒಂದೇ ಋತುವಿನಲ್ಲಿ ಏರಿ, ಮುರಿದು, ಮತ್ತೆ ಎದ್ದು ನಿಂತದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮೊದಲ ಋತು ಆಡುವವರಿಗೂ ಅವರನ್ನು ಸೇರಿಸಿಕೊಳ್ಳುವವರಿಗೂ ಇದರಿಂದ ಉಪಯೋಗವಾಗುತ್ತದೆ ಎಂಬುದು ನನ್ನ ನಂಬಿಕೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ವೃತ್ತಿ, ಬಡಾವಣೆ ಯಾವುದನ್ನೂ ಇದ್ದಂತೆ ಬರೆದಿಲ್ಲ. ಆ ತರಬೇತುದಾರನನ್ನು ಹುಡುಗ ಎಂದೂ ಡ್ವಾರ್ಫ್ ತಂಡದ ಹಿರಿಯರನ್ನು ಮೇಷ್ಟರು ಎಂದೂ ಕರೆಯುತ್ತೇನೆ.

ಹಿನ್ನೆಲೆ

ಆಟ ತಿಳಿಯದವರಿಗೆ ನಾಲ್ಕು ಮಾತು. ಬ್ಲಡ್ ಬೌಲ್ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯದು. ಜರ್ವಿಸ್ ಜಾನ್ಸನ್ ರೂಪಿಸಿದ ಈ ಆಟ ಮೊದಲು ಬಂದದ್ದು 1986ರಲ್ಲಿ. ನಾವು ಅನುಸರಿಸುವುದು 2020ರ ನಿಯಮಾವಳಿ. ಎಲ್ಫ್, ಆರ್ಕ್, ಡ್ವಾರ್ಫ್‌ಗಳಂಥ ಕಾಲ್ಪನಿಕ ಜನಾಂಗಗಳು ಅಮೆರಿಕದ ಫುಟ್‌ಬಾಲ್ ಆಡಿದರೆ ಹೇಗಿರುತ್ತದೋ ಹಾಗೆ. ಅಂಗಳದ ಉದ್ದ 26 ಮನೆ, ಅಗಲ 15 ಮನೆ. ನಾವು ಅದನ್ನು ಬ್ಯಾನರ್ ಅಂಗಡಿಯಲ್ಲಿ ಫ್ಲೆಕ್ಸ್ ಮೇಲೆ ಮುದ್ರಿಸಿಕೊಂಡಿದ್ದೇವೆ. ಮನೆಗೆ ಮೂರೂವರೆ ಸೆಂಟಿಮೀಟರ್ ಇಟ್ಟರೆ ಊಟದ ಮೇಜಿನ ಮೇಲೆ ಸರಿಯಾಗಿ ಕೂರುತ್ತದೆ. ಎರಡೂ ಕಡೆ ಹನ್ನೊಂದು ಬೊಂಬೆಗಳು. ಒಂದೊಂದು ತಂಡಕ್ಕೂ ಅರ್ಧಕ್ಕೆ ಎಂಟು ಸರದಿಯಂತೆ ಪಂದ್ಯಕ್ಕೆ ಹದಿನಾರು ಸರದಿ. ಸರದಿಯ ನಡುವೆ ನಮ್ಮವನು ಎಡವಿ ಬಿದ್ದರೆ ಅಥವಾ ಚೆಂಡು ಕೈತಪ್ಪಿದರೆ ಸರದಿ ಅಲ್ಲಿಗೇ ಮುರಿಯುತ್ತದೆ. ಹಾಗಾಗಿ ಯಾವ ಕೆಲಸ ಮೊದಲು, ಯಾವುದು ಕೊನೆಗೆ ಎಂಬ ಲೆಕ್ಕವೇ ಈ ಆಟದ ಜೀವ.

ಲೀಗಿನಲ್ಲಿ ಪಂದ್ಯ ಮುಗಿದ ಮೇಲೂ ಆಟ ಮುಗಿಯುವುದಿಲ್ಲ. ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆಗೆ ಒಯ್ದ ಆಟಗಾರನಿಗೆ 3 ಅನುಭವದ ಅಂಕ, ಎದುರಾಳಿಯನ್ನು ಡಿಕ್ಕಿ ಹೊಡೆದು ಗಾಯಗೊಳಿಸಿದರೆ 2, ಚೆಂಡನ್ನು ಗುರಿಗೆ ಎಸೆದು ತಲುಪಿಸಿದರೆ 1. ಪಂದ್ಯಶ್ರೇಷ್ಠನಿಗೆ 4 ಅಂಕ. ಅವನನ್ನು ಆರಿಸುವುದು ದಾಳ, ಆದರೆ ದಾಳದ ಮುಂದೆ ನಿಲ್ಲುವ ಆರು ಹೆಸರು ಕೊಡುವುದು ತರಬೇತುದಾರ. ಅಂಕ ಕೂಡಿದಂತೆ ಹೊಸ ಕೌಶಲ ಕೊಳ್ಳಬಹುದು. ಬೇಕಾದ ಮುಖ್ಯ ಕೌಶಲವನ್ನೇ ಆರಿಸಿಕೊಳ್ಳಲು ಮೊದಲ ಸಲ 6 ಅಂಕ, ಎರಡನೆಯ ಸಲ 8, ಮೂರನೆಯ ಸಲ 12. ದಾಳ ಕೊಟ್ಟದ್ದು ಸಾಕು ಎಂದರೆ ಮೊದಲನೆಯದು 3 ಅಂಕಕ್ಕೇ ಸಿಗುತ್ತದೆ. ಗಾಯಗಳೂ ಹೀಗೆಯೇ ಪಂದ್ಯದಿಂದ ಪಂದ್ಯಕ್ಕೆ ಹಿಂಬಾಲಿಸುತ್ತವೆ. ಸತ್ತವನು ಸತ್ತಂತೆಯೇ.

ಹುಡುಗ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು. ಚೌಕಾಬಾರದಲ್ಲಿ ಅವನ ಅಜ್ಜಿಯನ್ನು ಬಿಟ್ಟರೆ ಅವನನ್ನು ಸೋಲಿಸುವವರಿಲ್ಲ ಎಂದು ಅವನ ಮನೆಯವರು ಹೇಳುತ್ತಾರೆ. ಅವನು ಆರಿಸಿಕೊಂಡದ್ದು ವುಡ್ ಎಲ್ಫ್ ತಂಡ. ವೇಗ ಅವರದು, ಚುರುಕು ಅವರದು, ಆದರೆ ಮೈ ಗಾಜಿನಂತೆ. ಪ್ರತಿ ತಂಡಕ್ಕೂ ಆರಂಭದಲ್ಲಿ 10 ಲಕ್ಷ ಚಿನ್ನದ ನಾಣ್ಯ ಸಿಗುತ್ತದೆ. ಅವನು ಬರೆದು ತಂದ ಪಟ್ಟಿ ಹೀಗಿತ್ತು: ತಲಾ 1 ಲಕ್ಷ 25 ಸಾವಿರದ ಇಬ್ಬರು ವಾರ್‌ಡ್ಯಾನ್ಸರ್‌ಗಳು (ತಂಡದ ತಾರೆಗಳು), 90 ಸಾವಿರದ ಒಬ್ಬ ಕ್ಯಾಚರ್ (ಚೆಂಡು ಹಿಡಿಯುವವನು), ತಲಾ 70 ಸಾವಿರದ ಎಂಟು ಲೈನ್‌ಮನ್‌ಗಳು (ಸಾಮಾನ್ಯ ಆಟಗಾರರು), ತಲಾ 50 ಸಾವಿರದ ಎರಡು ಮರುಎಸೆತ (ಗರ ಕೆಟ್ಟಾಗ ದಾಳವನ್ನು ಮತ್ತೆ ಎಸೆಯುವ ಹಕ್ಕು). ಒಟ್ಟು ಸರಿಯಾಗಿ 10 ಲಕ್ಷ. ಆಟಗಾರರು ಹನ್ನೊಂದೇ, ಬೆಂಚಿನಲ್ಲಿ ಒಬ್ಬನೂ ಇಲ್ಲ. 50 ಸಾವಿರಕ್ಕೆ ಸಿಗುವ ವೈದ್ಯನೂ ಇಲ್ಲ.

ಆ ಪಟ್ಟಿಗೆ ಸಹಿ ಹಾಕಿದ್ದು ನಾನು. ಕೊರತೆ ನನ್ನ ಕಣ್ಣಿಗೆ ಬಿದ್ದಿತ್ತು. ಮೊದಲ ಋತು, ಅವನ ಉತ್ಸಾಹಕ್ಕೆ ತಣ್ಣೀರು ಎರಚುವುದು ಬೇಡ ಎಂದು ಸುಮ್ಮನಾದೆ. ಈ ಪ್ರಕರಣದ ಮೊದಲ ತಪ್ಪು ನನ್ನದು ಎಂದೇ ನಾನು ಬಗೆಯುತ್ತೇನೆ.

ಏರಿಕೆ

ಜುಲೈ ಮೊದಲ ವಾರ ಶುರುವಾದ ಋತುವಿನಲ್ಲಿ ಎಲ್ಫ್ ತಂಡ ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರನ್ನು ಗೆದ್ದು ಒಂದನ್ನು ಸಮ ಮಾಡಿಕೊಂಡಿತು. ಗಳಿಸಿದ ಎಂಟು ಟಚ್‌ಡೌನ್‌ಗಳಲ್ಲಿ ಆರು ಒಬ್ಬನದೇ. ಇಬ್ಬರು ವಾರ್‌ಡ್ಯಾನ್ಸರ್‌ಗಳಲ್ಲಿ ಕೆಂಪು ಕೂದಲು ಬಳಿಸಿಕೊಂಡಿದ್ದ ಆ ಬೊಂಬೆಗೆ ಎಲ್ಲರೂ ಕೆಂಚ ಎಂದು ಹೆಸರಿಟ್ಟಿದ್ದರು.

ಆ ಬೊಂಬೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಬಂಡೆಯೊಂದರಿಂದ ಜಿಗಿಯುತ್ತಿರುವ ಭಂಗಿ. ಇಡೀ ದೇಹದ ಭಾರ ಎಡಗಾಲಿನ ಹೆಬ್ಬೆರಳ ಮೇಲೆ. ಎರಡನೆಯ ಪಂದ್ಯದ ದಿನ ಮೇಜಿನಿಂದ ಬಿದ್ದು ಆ ಕಾಲು ಮುರಿದಾಗ ಹುಡುಗ ಹಿಮ್ಮಡಿಯಲ್ಲಿ ಸೂಜಿಯಷ್ಟು ರಂಧ್ರ ಕೊರೆದು, ಕಾಗದದ ಕ್ಲಿಪ್ಪಿನ ತಂತಿಯ ತುಂಡು ಸೇರಿಸಿ ಅಂಟಿಸಿದ್ದ. ಬಣ್ಣ ಹಚ್ಚಿದ ಮೇಲೂ ಅಲ್ಲೊಂದು ತೆಳುವಾದ ಗೆರೆ ಉಳಿದಿತ್ತು. ಕೌಶಲಗಳ ಗುರುತಿಗೆ ನಾವು ಮಕ್ಕಳ ಜಡೆಗೆ ಹಾಕುವ ಪುಟ್ಟ ಬಣ್ಣದ ರಬ್ಬರ್‌ಗಳನ್ನು ಬೊಂಬೆಯ ಪೀಠಕ್ಕೆ ಸುತ್ತುತ್ತೇವೆ. ಕೆಂಚನ ಪೀಠಕ್ಕೆ ಎರಡನೆಯ ಪಂದ್ಯ ಮುಗಿಯುವಷ್ಟರಲ್ಲಿ ಎರಡು ರಬ್ಬರ್ ಬಿದ್ದಿದ್ದವು. ಉಳಿದ ಹತ್ತು ಬೊಂಬೆಗಳಲ್ಲಿ ಎಂಟರ ಪೀಠಗಳು ಬರಿದು.

ಹಣವೂ ಅದೇ ದಾರಿ ಹಿಡಿಯಿತು. ಎರಡು ಪಂದ್ಯಗಳ ಗಳಿಕೆ 1 ಲಕ್ಷ 20 ಸಾವಿರ. ಋತು ಶುರುವಾದ ಮೇಲೆ ಮರುಎಸೆತದ ಬೆಲೆ ಇಮ್ಮಡಿ; ಆದರೂ ಅವನು 1 ಲಕ್ಷ ಕೊಟ್ಟು ಮೂರನೆಯದನ್ನು ಕೊಂಡ. ನಾಲ್ಕನೆಯ ಪಂದ್ಯದ ಹೊತ್ತಿಗೆ ಬೊಕ್ಕಸದಲ್ಲಿ 90 ಸಾವಿರ ಸೇರಿತ್ತು.

"ಈಗಲಾದರೂ ವೈದ್ಯನನ್ನು ಇಟ್ಟುಕೋ," ಎಂದೆ.

"ಇನ್ನು 30 ಸಾವಿರ ಸೇರಿದರೆ ಟ್ರೀಮನ್ ಬರುತ್ತಾನೆ ಸರ್. ಅವನು ಬಂದರೆ ಗಾಯವೇ ಕಡಿಮೆಯಾಗುತ್ತದೆ," ಎಂದ.

ಅವನ ಮಾತಿನಲ್ಲಿ ಹುರುಳಿಲ್ಲ ಎಂದು ಹೇಳಲಾರೆ. ಮರದ ದೈತ್ಯನೊಬ್ಬ ಮುಂದಿನ ಸಾಲಿನಲ್ಲಿ ನಿಂತರೆ ಎಲ್ಫ್‌ಗಳಿಗೆ ಆಸರೆಯೇ. ಆದರೆ ಲೆಕ್ಕ ಬೇರೆ ಮಾತು ಹೇಳುತ್ತಿತ್ತು. ಎಲ್ಫ್ ಲೈನ್‌ಮನ್ ಒಬ್ಬ ನೆಲಕ್ಕೆ ಬಿದ್ದಾಗ ಎರಡು ದಾಳಗಳಲ್ಲಿ 8 ಅಥವಾ ಹೆಚ್ಚು ಬಿದ್ದರೆ ಅವನ ಕವಚ ಒಡೆಯುತ್ತದೆ. ಡ್ವಾರ್ಫ್‌ನ ಕವಚ ಒಡೆಯಲು 10 ಬೇಕು. ಕವಚ ಒಡೆದ ಮೇಲೆ ಗಾಯದ ಗರ 10 ಅಥವಾ ಹೆಚ್ಚು ಬೀಳಬೇಕು. ಎರಡನ್ನೂ ಕೂಡಿಸಿದರೆ, ಬಿದ್ದ ಎಲ್ಫ್‌ಗಳಲ್ಲಿ ಸುಮಾರು ಹದಿನಾಲ್ಕಕ್ಕೆ ಒಬ್ಬ ಗಾಯಾಳುವಾಗಿ ಹೊರಹೋಗುತ್ತಾನೆ, ಡ್ವಾರ್ಫ್‌ಗಳಲ್ಲಿ ಮೂವತ್ತಾರಕ್ಕೆ ಒಬ್ಬ. ಬೆಂಚು ಇಲ್ಲದ, ವೈದ್ಯನಿಲ್ಲದ ಎಲ್ಫ್ ತಂಡ ದಿನ ಎಣಿಸುತ್ತಾ ಆಡುತ್ತಿರುತ್ತದೆ. ಆ ದಿನ ಯಾವ ಪಂದ್ಯದಲ್ಲಿ ಬರುತ್ತದೆ ಎಂಬುದಷ್ಟೇ ಗೊತ್ತಿರುವುದಿಲ್ಲ.

ಐದನೆಯ ಪಂದ್ಯದ ಹದಿನೈದನೆಯ ಸರದಿ

ಸೆಪ್ಟೆಂಬರ್ ಕೊನೆಯ ಭಾನುವಾರ. ಎದುರಿಗೆ ಮೇಷ್ಟರ ಡ್ವಾರ್ಫ್‌ಗಳು. ಡ್ವಾರ್ಫ್ ಬ್ಲಾಕರ್‌ಗಳಿಗೆ ಹುಟ್ಟಿನಿಂದಲೇ ಟ್ಯಾಕಲ್ ಕೌಶಲ ಇರುತ್ತದೆ. ಅವರ ಪಕ್ಕದಿಂದ ನುಣುಚಿಕೊಳ್ಳುವಾಗ ಕೆಂಚನ ಡಾಡ್ಜ್ ಕೌಶಲ ಕೆಲಸಕ್ಕೆ ಬಾರದು. ನಾಲ್ಕು ಪಂದ್ಯ ಕೆಂಚನನ್ನು ಕಾಪಾಡಿದ್ದ ಗುರಾಣಿ ಆ ದಿನ ಮನೆಯಲ್ಲೇ ಉಳಿದಿತ್ತು ಎನ್ನಬಹುದು.

ಪಂದ್ಯದ ಬಹುಪಾಲನ್ನು ಹುಡುಗ ಚೆನ್ನಾಗಿಯೇ ಆಡಿದ. ಕ್ಯಾಚರ್ ಒಂದು ಟಚ್‌ಡೌನ್ ಮಾಡಿದ, ಮೇಷ್ಟರು ನಿಧಾನವಾಗಿ ಉರುಳಿಕೊಂಡು ಬಂದು ಒಂದು ತೀರಿಸಿದರು. ದ್ವಿತೀಯಾರ್ಧದ ಏಳನೆಯ ಸರದಿ, ಅಂದರೆ ಪಂದ್ಯದ ಹದಿನೈದನೆಯದು ಬಂದಾಗ ಸ್ಥಿತಿ 1–1. ಚೆಂಡು ಕೆಂಚನ ಕೈಯಲ್ಲಿ. ಗೆರೆ ಎಂಟು ಮನೆ ದೂರ. ಅವನ ಪಕ್ಕದಲ್ಲಿ ಒಬ್ಬ ಡ್ವಾರ್ಫ್, ದಾರಿಯಲ್ಲಿ ಇನ್ನೊಬ್ಬ. ಕೆಂಚನ ಮಗ್ಗುಲಿನ ಮನೆಯಲ್ಲೇ ಯಾರ ಕಾವಲೂ ಇಲ್ಲದ ಒಬ್ಬ ಲೈನ್‌ಮನ್ ನಿಂತಿದ್ದ. ಅವನಿಂದ ಗೆರೆಗೆ ಏಳೇ ಮನೆ, ಅವನ ವೇಗವೂ ಏಳು. ಉಳಿದಿದ್ದ ಮರುಎಸೆತ ಒಂದು.

ಎರಡು ದಾರಿಗಳಿದ್ದವು. ಒಂದು, ಚೆಂಡನ್ನು ಲೈನ್‌ಮನ್ ಕೈಗೆ ಕೊಡುವುದು. ಅವನು ಹಿಡಿಯಲು ದಾಳದಲ್ಲಿ 2 ಅಥವಾ ಹೆಚ್ಚು ಬಿದ್ದರೆ ಸಾಕು. ಮರುಎಸೆತವನ್ನೂ ಸೇರಿಸಿದರೆ ಮೂವತ್ತಾರರಲ್ಲಿ ಮೂವತ್ತೈದು ಸಲ ಟಚ್‌ಡೌನ್. ಇನ್ನೊಂದು, ಕೆಂಚನೇ ಎರಡು ಸಲ ನುಣುಚಿಕೊಂಡು ಓಡುವುದು: ಮೊದಲು 3, ಆಮೇಲೆ 2 ಬೀಳಬೇಕು. ಮರುಎಸೆತ ಸೇರಿಸಿ ಆರರಲ್ಲಿ ಐದು ಸಲ. ತಪ್ಪಿದರೆ ಕೆಂಚ ಡ್ವಾರ್ಫ್‌ಗಳ ಕೈಗೆಟಕುವಲ್ಲಿ ಬಿದ್ದಿರುತ್ತಾನೆ.

ಆಗ ಕೆಂಚನ ಖಾತೆಯಲ್ಲಿದ್ದ ಖರ್ಚಾಗದ ಅಂಕ 10. ಮೂರನೆಯ ಕೌಶಲಕ್ಕೆ ಬೇಕಾದದ್ದು 12. ಒಂದು ಟಚ್‌ಡೌನ್ ಅವನದಾದರೆ ಮೂರನೆಯ ರಬ್ಬರ್. ಹುಡುಗನ ಕಣ್ಣು ಅಂಗಳಕ್ಕಿಂತ ಪಕ್ಕದಲ್ಲಿದ್ದ ಹಾಳೆಯ ಮೇಲೇ ಹೆಚ್ಚು ಓಡಾಡುತ್ತಿದ್ದುದನ್ನು ನಾನು ನೋಡಿದೆ.

ಅವನು ಕೆಂಚನನ್ನು ಎತ್ತಿಕೊಂಡ. ಮೊದಲ ಗರ 2, ಸಾಲದು. ಮರುಎಸೆತ, 5. ನುಣುಚಿದ. ಎರಡನೆಯ ಗರ 1.

ಬಿದ್ದಾಗ ಕವಚ ಉಳಿಯಿತು, ಗಾಯವಾಗಲಿಲ್ಲ. ಆದರೆ ಸರದಿ ಮೇಷ್ಟರ ಕೈಗೆ ಹೋಯಿತು. ಅವರು ಇಬ್ಬರು ಡ್ವಾರ್ಫ್‌ಗಳನ್ನು ನಡೆಸಿ ಕೆಂಚನ ಅಕ್ಕಪಕ್ಕ ನಿಲ್ಲಿಸಿದರು. ಮೂರನೆಯವನನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಸರದಿಗೊಂದು ಫೌಲ್ ಮಾಡಲು, ಅಂದರೆ ಬಿದ್ದವನನ್ನು ತುಳಿಯಲು, ನಿಯಮ ಅವಕಾಶ ಕೊಡುತ್ತದೆ. ಫೌಲ್‌ಗೆ ಅನುಭವದ ಅಂಕ ಇಲ್ಲ. ಎರಡು ದಾಳಗಳೂ ಒಂದೇ ಸಂಖ್ಯೆ ತೋರಿಸಿದರೆ ತೀರ್ಪುಗಾರ ಹೊರಗಟ್ಟುತ್ತಾನೆ. "ಮಾಡುತ್ತೇನಪ್ಪ, ಬೇಜಾರು ಮಾಡಿಕೊಳ್ಳಬೇಡ," ಎಂದರು ಮೇಷ್ಟರು. ಹುಡುಗ ತಲೆಯಾಡಿಸಿದ.

ಕವಚಕ್ಕೆ 3 ಮತ್ತು 4. ಇಬ್ಬರ ನೆರವಿನಿಂದ ಎರಡು ಸೇರಿ 9, ಒಡೆಯಿತು. ಗಾಯಕ್ಕೆ 5 ಮತ್ತು 6. ಗಾಯ ಎಷ್ಟು ದೊಡ್ಡದು ಎಂದು ಹೇಳುವ ಹದಿನಾರು ಮುಖದ ದಾಳ ಉರುಳಿ ಫ್ಲೆಕ್ಸ್‌ನ ಅಂಚಿನಲ್ಲಿ ನಿಂತಿತು: 15. ಹದಿನೈದು, ಹದಿನಾರು ಎರಡೂ ಸಾವು. ಫೌಲ್ ಶುರುವಾದಾಗ ಸಾವಿನ ಸಾಧ್ಯತೆ ನೂರಕ್ಕೆ ಒಂದೂವರೆ ಮಾತ್ರ ಇತ್ತು. ವೈದ್ಯನಿದ್ದಿದ್ದರೆ ಆ ದಾಳವನ್ನು ಇನ್ನೊಮ್ಮೆ ಎಸೆದು ಎರಡರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಹದಿನಾರರಲ್ಲಿ ಹದಿನಾಲ್ಕು ಸಲ ಕೆಂಚ ಬದುಕುತ್ತಿದ್ದ.

ಪಂದ್ಯ 1–1ರಲ್ಲೇ ಮುಗಿಯಿತು. ಅಂಕಪಟ್ಟಿಯಲ್ಲಿ ಎಲ್ಫ್ ತಂಡ ಆ ದಿನವೂ ಸೋತಿರಲಿಲ್ಲ. ಹುಡುಗ ಬೊಂಬೆಗಳನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ಜೋಡಿಸಿಕೊಂಡು, ಕಾಫಿ ಕುಡಿಯದೆ ಹೊರಟುಹೋದ. ಮರುದಿನ ಬೆಳಿಗ್ಗೆ ಮೊಬೈಲಿಗೆ ಸಂದೇಶ: "ಸರ್, ಉಳಿದ ಐದು ಪಂದ್ಯಗಳಿಂದ ತಂಡವನ್ನು ಹಿಂತೆಗೆದುಕೊಳ್ಳುತ್ತೇನೆ. ದಯವಿಟ್ಟು ಕ್ಷಮಿಸಿ."

ಏನೇನು ಮಾಡಿದೆವು

ಆರು ಜನರ ಲೀಗಿನಲ್ಲಿ ಒಬ್ಬ ಹೊರಗೆ ಹೋದರೆ ಎಲ್ಲರ ಋತುವೂ ಕುಂಟುತ್ತದೆ. ಅದಕ್ಕಿಂತ ಹೆಚ್ಚಾಗಿ, ಚೆನ್ನಾಗಿ ಆಡುವ ಹುಡುಗನೊಬ್ಬ ಹೀಗೆ ಮುರಿದ ಮನಸ್ಸಿನಿಂದ ಆಟ ಬಿಡುವುದು ನನಗೆ ಸಹಿಸಲಾಗಲಿಲ್ಲ. ಗೆಳೆಯರೊಬ್ಬರು, ಅವನಿಗೆ ಒಬ್ಬ ವಾರ್‌ಡ್ಯಾನ್ಸರನನ್ನು ಉಚಿತವಾಗಿ ಕೊಟ್ಟುಬಿಡೋಣ ಎಂದರು. ಇನ್ನೊಬ್ಬರು ಆ ಫೌಲನ್ನು ರದ್ದು ಮಾಡೋಣ ಎಂದರು. ಎರಡನ್ನೂ ಒಪ್ಪಲಿಲ್ಲ. ಹಾಗೆ ಮಾಡಿದ್ದರೆ ಅವನ ಮೊದಲ ನಾಲ್ಕು ಪಂದ್ಯಗಳ ಗೆಲುವೂ ಹಗುರವಾಗುತ್ತಿತ್ತು. ಮೇಷ್ಟರು ನಿಯಮದೊಳಗೇ ಆಡಿದ್ದರು. ಅವರನ್ನು ತಪ್ಪಿತಸ್ಥರನ್ನಾಗಿ ಮಾಡುವುದೂ ಸರಿಯಲ್ಲ.

ಅಷ್ಟರಲ್ಲಿ ದಸರಾ ಬಂತು. ನಮ್ಮ ಲೀಗಿಗೆ ಬಿಡುವು. ಆಯುಧಪೂಜೆಗೆ ಎರಡು ದಿನ ಮುಂಚೆ ಬೊಂಬೆ ನೋಡುವ ನೆಪದಲ್ಲಿ ನಾನೂ ಮೇಷ್ಟರೂ ಹುಡುಗನ ಮನೆಗೆ ಹೋದೆವು. ಮೆಟ್ಟಿಲುಗಳ ಮೇಲೆ ಪಟ್ಟದ ಬೊಂಬೆ, ಚನ್ನಪಟ್ಟಣದ ಆಟಿಕೆಗಳು, ಮೈಸೂರಿನ ಮನೆಗಳಲ್ಲಿ ಇರುವುದೆಲ್ಲ ಇತ್ತು. ಕೆಳಗೆ ನೆಲದ ಮೇಲೆ, ರಾಗಿ ಪೈರು ಬೆಳೆಸಿದ ಪಾರ್ಕಿನಲ್ಲಿ, ಅವನ ಅಜ್ಜಿ ಎಲ್ಫ್ ತಂಡವನ್ನು ಸಾಲಾಗಿ ನಿಲ್ಲಿಸಿದ್ದರು. ಹನ್ನೊಂದೂ ಇದ್ದವು. ಕೆಂಚ ಎಲ್ಲರಿಗಿಂತ ಮುಂದೆ ಜಿಗಿಯುತ್ತಿದ್ದ.

ಕೋಸಂಬರಿ ತಿನ್ನುತ್ತಾ ಮೇಷ್ಟರು ಕೇಳಿದರು: "ಚೌಕಾಬಾರದಲ್ಲಿ ನಿನ್ನ ಅಜ್ಜಿಯನ್ನು ಗೆಲ್ಲಲಾರೆ ಅಂತಾರಲ್ಲ, ಯಾಕೆ?"

ಉತ್ತರ ಅಜ್ಜಿಯಿಂದಲೇ ಬಂತು. "ಇವನು ಒಂದೇ ಕಾಯಿಯನ್ನು ಓಡಿಸುತ್ತಾನೆ ನೋಡಿ. ಅದು ಹಣ್ಣಾಗುವವರೆಗೆ ಮಿಕ್ಕ ಮೂರು ಕಟ್ಟೆಯಲ್ಲೇ ಕೂತಿರುತ್ತವೆ. ಅದನ್ನು ಕಡಿದರೆ ಆಯಿತು, ಮತ್ತೆ ಮೊದಲಿನಿಂದ."

ಹುಡುಗ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಒಳಗೆ ಹೋಗಿ ತಂಡದ ಹಾಳೆ ತಂದ.

ಆ ಹಾಳೆಯನ್ನು ಮೂವರೂ ಕೂಡಿ ಓದಿದೆವು. ಐದು ಪಂದ್ಯಗಳಲ್ಲಿ ಒಂಬತ್ತು ಟಚ್‌ಡೌನ್. ಎಂಟು ಲೈನ್‌ಮನ್‌ಗಳದು ಸೊನ್ನೆ. ಅವರೆಲ್ಲರಿಗೂ ಸೇರಿ ಸಿಕ್ಕ ಅನುಭವದ ಅಂಕ 4. ಅದೂ ಒಮ್ಮೆ ದಾಳದ ದಯೆಯಿಂದ ಒಬ್ಬನಿಗೆ ಸಿಕ್ಕ ಪಂದ್ಯಶ್ರೇಷ್ಠ. ಬೊಕ್ಕಸದಲ್ಲಿ ಐದನೆಯ ಪಂದ್ಯದ ಗಳಿಕೆಯೂ ಸೇರಿ 1 ಲಕ್ಷ 30 ಸಾವಿರ.

ಈ ಪ್ರಕರಣದ ನಿಜವಾದ ಕವಲು ಇದು. 1 ಲಕ್ಷ 25 ಸಾವಿರ ಕೊಟ್ಟು ಹೊಸ ವಾರ್‌ಡ್ಯಾನ್ಸರನನ್ನು ತರಬಹುದಿತ್ತು. ತಂಡ ಮತ್ತೆ ಹನ್ನೊಂದಾಗುತ್ತಿತ್ತು, ಕೆಂಚನ ಜಾಗ ತುಂಬುತ್ತಿತ್ತು. ಅಥವಾ 50 ಸಾವಿರಕ್ಕೆ ವೈದ್ಯನನ್ನೂ 70 ಸಾವಿರಕ್ಕೆ ಇನ್ನೊಬ್ಬ ಲೈನ್‌ಮನ್‌ನನ್ನೂ ತರಬಹುದಿತ್ತು. ಆಗಲೂ ಹನ್ನೊಂದೇ, ಕೈಯಲ್ಲಿ 10 ಸಾವಿರ ಉಳಿಕೆ. ಹುಡುಗನ ಮನಸ್ಸು ಮೊದಲನೆಯದರ ಕಡೆಗೇ ವಾಲಿತ್ತು. ನಾನು ಅಭಿಪ್ರಾಯ ಹೇಳಲಿಲ್ಲ, ಒಂದು ಪ್ರಶ್ನೆ ಮಾತ್ರ ಕೇಳಿದೆ: "ಹೊಸಬನೂ ಮೇಷ್ಟರ ಕೈಗೆ ಸಿಕ್ಕರೆ ಆ ಸಂಜೆ ನಿನ್ನ ಹತ್ತಿರ ಏನಿರುತ್ತದೆ?" ಎರಡು ದಿನ ಬಿಟ್ಟು, ವಿಜಯದಶಮಿಗೆ ಮುಂಚೆ, ಅವನ ಸಂದೇಶ ಬಂತು. ವೈದ್ಯ ಮತ್ತು ಲೈನ್‌ಮನ್. ಆಡುತ್ತೇನೆ.

ಅವನೇ ಯೋಚಿಸಿ ಇನ್ನೂ ಮೂರು ಬದಲಾವಣೆ ಮಾಡಿಕೊಂಡ. ಪಂದ್ಯಶ್ರೇಷ್ಠಕ್ಕೆ ಕೊಡುವ ಆರು ಹೆಸರುಗಳೂ ಇನ್ನು ಮೇಲೆ ಲೈನ್‌ಮನ್‌ಗಳವೇ. ಗೆರೆಯ ಹತ್ತಿರ ಸಮಯವಿದ್ದರೆ ಚೆಂಡು ಲೈನ್‌ಮನ್ ಕೈಗೆ. ಸರದಿಯ ಕೊನೆಯಲ್ಲಿ, ಚೆಂಡು ಬಿದ್ದರೂ ನಷ್ಟವಿಲ್ಲದ ಗಳಿಗೆಯಲ್ಲಿ, ಹತ್ತಿರದವನಿಗೆ ಒಂದು ಸಣ್ಣ ಎಸೆತ. ತಲುಪಿದರೆ 1 ಅಂಕ. ಈ ಮೂರನೆಯದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಎಲ್ಫ್ ಲೈನ್‌ಮನ್ ಸರಿಯಾಗಿ ಎಸೆಯಲು ದಾಳದಲ್ಲಿ 4 ಬೀಳಬೇಕು, ಅಂದರೆ ಅರ್ಧಕ್ಕರ್ಧ ತಪ್ಪುತ್ತದೆ. ಗಳಿಗೆ ನೋಡಲು ಬಾರದವನ ಕೈಯಲ್ಲಿ ಇದು ಚೆಂಡನ್ನು ದಾನ ಮಾಡುವ ಉಪಾಯವಾಗುತ್ತದೆ.

4 ಅಂಕ ಇದ್ದ ಆ ಒಬ್ಬ ಲೈನ್‌ಮನ್ ವಿಷಯದಲ್ಲಿ ನಾವು ಬಹಳ ಹೊತ್ತು ವಾದ ಮಾಡಿದೆವು. 6 ಆಗುವವರೆಗೆ ಕಾದು, ಡಿಕ್ಕಿ ಹೊಡೆಯುವಾಗ ತಾನೇ ಬೀಳುವುದನ್ನು ಕಡಿಮೆ ಮಾಡುವ ಬ್ಲಾಕ್ ಕೌಶಲ ಆರಿಸುವುದೇ, ಈಗಲೇ 3 ಅಂಕ ಕೊಟ್ಟು ದಾಳ ಕೊಟ್ಟದ್ದನ್ನು ತೆಗೆದುಕೊಳ್ಳುವುದೇ? ಕಾಯಬೇಕು ಎಂದು ನಾನು. "ಬರಿಗೈಯವನಿಗೆ ಏನು ಸಿಕ್ಕರೂ ಲಾಭ, ತಂಡದ ಬೆಲೆಯೂ 10 ಸಾವಿರ ಮಾತ್ರ ಏರುತ್ತದೆ," ಎಂದು ಮೇಷ್ಟರು. ಹುಡುಗ ದಾಳ ಎಸೆದ, ಕಿಕ್ ಬಂತು. ಆಟ ಶುರುವಾಗುವಾಗ ಚೆಂಡನ್ನು ಬೇಕಾದಲ್ಲಿಗೆ ಹೆಚ್ಚು ಹತ್ತಿರವಾಗಿ ಒದೆಯುವ ಕೌಶಲ. ನಾನಾಗಿದ್ದರೆ ಎಂದೂ ಆರಿಸುತ್ತಿರಲಿಲ್ಲ. ಮುಂದಿನ ಪಂದ್ಯಗಳಲ್ಲಿ ಎದುರಾಳಿಗಳು ಚೆಂಡು ಹುಡುಕಿಕೊಂಡು ಅಂಗಳದ ಮೂಲೆಗೆ ಓಡುವುದನ್ನು ಕಂಡು ನನ್ನ ಅಭಿಪ್ರಾಯ ಬದಲಿಸಿಕೊಂಡೆ.

ಮುಂದೆ ನಡೆದದ್ದು

ಫಲ ತಕ್ಷಣ ಕಾಣಲಿಲ್ಲ. ಆರನೆಯ ಪಂದ್ಯ 0–2, ಸೋಲು. ಏಳನೆಯದು ಆರ್ಕ್‌ಗಳ ಎದುರು. ತಂಡಗಳ ಬೆಲೆಯಲ್ಲಿ 1 ಲಕ್ಷ 25 ಸಾವಿರ ಅಂತರವಿತ್ತು: ಆರ್ಕ್ ತಂಡ 12 ಲಕ್ಷ 40 ಸಾವಿರ, ಎಲ್ಫ್ ತಂಡ 11 ಲಕ್ಷ 15 ಸಾವಿರ. ದಸರಾ ಕುಸ್ತಿಗೆ ಮುಂಚೆ ಹಿರಿಯರು ಪೈಲ್ವಾನರ ಮೈಕಟ್ಟು ನೋಡಿ ಜೋಡಿ ಕಟ್ಟುತ್ತಾರಲ್ಲ, ಈ ಆಟದಲ್ಲಿ ಜೋಡಿ ಸರಿಹೊಂದದಿದ್ದರೆ ಆ ಅಂತರದ ಹಣವನ್ನೇ ಕಡಿಮೆ ಬೆಲೆಯ ತಂಡಕ್ಕೆ ಕೊಟ್ಟು ಆ ಪಂದ್ಯಕ್ಕೆ ಮಾತ್ರ ನೆರವು ಕೊಳ್ಳಲು ಬಿಡುತ್ತಾರೆ. ಹುಡುಗ 1 ಲಕ್ಷಕ್ಕೆ ಸಂಚಾರಿ ವೈದ್ಯನನ್ನು ಕರೆಸಿಕೊಂಡ. ಐದು ಪಂದ್ಯ ಒಬ್ಬ ವೈದ್ಯನೂ ಇಲ್ಲದೆ ಆಡಿದವನ ಬದಿಯಲ್ಲಿ ಆ ದಿನ ಇಬ್ಬರು ವೈದ್ಯರು. 1–2ರಲ್ಲಿ ಸೋತ. ಆದರೆ ಹನ್ನೊಂದು ಆಟಗಾರರೂ ಮುಂದಿನ ಪಂದ್ಯಕ್ಕೆ ಉಳಿದರು, ಆ ಒಂದು ಟಚ್‌ಡೌನ್ ಲೈನ್‌ಮನ್ ಒಬ್ಬನದು.

ಆಮೇಲೆ 2–2, ಆಮೇಲೆ 2–1 ಗೆಲುವು. ಈ ನಾಲ್ಕು ಪಂದ್ಯಗಳ ಐದು ಟಚ್‌ಡೌನ್‌ಗಳಲ್ಲಿ ಮೂರು ಲೈನ್‌ಮನ್‌ಗಳವು. ನಾಲ್ಕೂ ಪಂದ್ಯಶ್ರೇಷ್ಠಗಳು ಅವರವೇ. ಗುರಿ ತಲುಪಿದ ಸಣ್ಣ ಎಸೆತಗಳು ನಾಲ್ಕು. ಹಾಳೆಯ ಮೇಲೆ ಐದು ಪಂದ್ಯ ಬಹುತೇಕ ಬರಿದಾಗಿದ್ದ ಸಾಲುಗಳಲ್ಲಿ 29 ಅಂಕ ಬಂದು ಕುಳಿತವು. ಇಬ್ಬರಿಗೆ ಬ್ಲಾಕ್, ಒಬ್ಬನಿಗೆ ರೆಸಲ್ (ಕುಸ್ತಿ), ಒಬ್ಬನಿಗೆ ಕಿಕ್.

ಬ್ಲಾಕ್ ಎಂಬ ಈ ಒಂದು ಸಾದಾ ಕೌಶಲ ಎಷ್ಟು ದೊಡ್ಡದು ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಎರಡು ದಾಳ ಹಾಕಿ ಡಿಕ್ಕಿ ಹೊಡೆಯುವಾಗ ಬ್ಲಾಕ್ ಇಲ್ಲದವನು ಒಂಬತ್ತರಲ್ಲಿ ಒಂದು ಸಲ ತಾನೇ ಬೀಳುತ್ತಾನೆ, ಸರದಿಯೂ ಮುರಿಯುತ್ತದೆ. ಬ್ಲಾಕ್ ಇದ್ದವನು ಬೀಳುವುದು ಮೂವತ್ತಾರರಲ್ಲಿ ಒಂದು ಸಲ. ಸರದಿಗೆ ಮೂರು ಡಿಕ್ಕಿಯಂತೆ ಹದಿನಾರು ಸರದಿ ಲೆಕ್ಕ ಹಾಕಿ. ಕೆಂಚನ ಮೂರನೆಯ ಕೌಶಲಕ್ಕೆ ಬೇಕಾಗಿದ್ದ 12 ಅಂಕದಲ್ಲಿ ಇಬ್ಬರು ಲೈನ್‌ಮನ್‌ಗಳಿಗೆ ಬ್ಲಾಕ್ ಬರುತ್ತದೆ. ಮೂರನೆಯ ಕೌಶಲ ಕೆಂಚನನ್ನು ಇನ್ನಷ್ಟು ಹೊಳೆಯಿಸುತ್ತಿತ್ತು ನಿಜ. ಆ ಇಬ್ಬರ ಬ್ಲಾಕ್ ಇಡೀ ತಂಡಕ್ಕೆ ಉಸಿರಾಡಲು ಜಾಗ ಕೊಟ್ಟಿತು.

ಹಾಗೆಂದು ತಾರೆಯನ್ನು ಬೆಳೆಸಿದ್ದೇ ತಪ್ಪು ಎಂದು ಯಾರೂ ತಿಳಿಯಬಾರದು. ಮೊದಲ ನಾಲ್ಕು ಪಂದ್ಯಗಳ ಮೂರು ಗೆಲುವು ಕೆಂಚನ ದುಡಿಮೆ. ಋತುವಿನ ಕೊನೆಯಲ್ಲಿ ತಂಡ ಮೂರನೆಯ ಸ್ಥಾನದಲ್ಲಿ ನಿಂತದ್ದಕ್ಕೂ ಆ ಅಂಕಗಳೇ ಮುಖ್ಯ ಕಾರಣ. ವುಡ್ ಎಲ್ಫ್ ತಂಡ ವಾರ್‌ಡ್ಯಾನ್ಸರನಿಲ್ಲದೆ ಆಡುವುದು ಕೈಕಟ್ಟಿಕೊಂಡು ಈಜಿದಂತೆ. ನನ್ನ ತಕರಾರು ಬೇರೆ: ತಾರೆಯ ಬೆನ್ನಿಗೆ ವೈದ್ಯನಿರಲಿಲ್ಲ, ಮತ್ತು ಹದಿನೈದನೆಯ ಸರದಿಯಲ್ಲಿ ಪಂದ್ಯಕ್ಕೆ ಬೇಕಾದ ನಡೆಗೂ ಹಾಳೆಗೆ ಬೇಕಾದ ನಡೆಗೂ ವ್ಯತ್ಯಾಸ ಬಂದಾಗ ಹುಡುಗ ಹಾಳೆಯ ಮಾತು ಕೇಳಿದ. ಲೈನ್‌ಮನ್ ಕೈಗೆ ಚೆಂಡು ಕೊಟ್ಟಿದ್ದರೆ ಪಂದ್ಯವೂ ಬಹುತೇಕ ಗೆದ್ದಂತಿತ್ತು, ಲೈನ್‌ಮನ್‌ಗೆ 3 ಅಂಕವೂ ಸಿಗುತ್ತಿತ್ತು, ಕೆಂಚನೂ ಉಳಿಯುತ್ತಿದ್ದ. ತಂಡ ಬೆಳೆಸುವ ಆಸೆಯೇ ತಂಡವನ್ನು ಒಡೆದ ಗಳಿಗೆ ಅದು. ಈ ಬಗೆಯ ಗಳಿಗೆ ಪ್ರತಿ ಲೀಗಿನಲ್ಲೂ, ಪ್ರತಿ ತರಬೇತುದಾರನಿಗೂ ಬರುತ್ತದೆ; ನನಗೂ ಬಂದಿದೆ.

ಲೀಗ್ ನಡೆಸುವವನಾಗಿ ನಾನು ಬದಲಿಸಿಕೊಂಡದ್ದೂ ಇದೆ. ಈಗ ಹೊಸಬರ ಪಟ್ಟಿಗೆ ಸಹಿ ಹಾಕುವ ಮುಂಚೆ ಅವರ ಪಕ್ಕದಲ್ಲಿ ಕುಳಿತು, ಮೂರನೆಯ ಪಂದ್ಯದಲ್ಲಿ ಇಬ್ಬರು ಗಾಯಗೊಂಡರೆ ಯಾರು ಆಡುತ್ತಾರೆ ಎಂದು ಕೇಳುತ್ತೇನೆ. ಹನ್ನೊಂದು ತುಂಬದ ತಂಡಕ್ಕೆ ದಿನಗೂಲಿ ಆಟಗಾರರು ಉಚಿತವಾಗಿ ಸಿಗುತ್ತಾರೆ, ಆದರೆ ಅವರು ಮರುಎಸೆತ ಬಳಸಬೇಕಾದರೆ ಮೊದಲು ದಾಳದಲ್ಲಿ 4 ಬೀಳಬೇಕು ಎಂಬುದನ್ನೂ ಆಗಲೇ ತಿಳಿಸುತ್ತೇನೆ. ಪಟ್ಟಿ ಬದಲಿಸಬೇಕೋ ಬೇಡವೋ ಅವರ ಇಷ್ಟ.

ಹತ್ತನೆಯ ಪಂದ್ಯ ಸಂಕ್ರಾಂತಿ ಕಳೆದ ಭಾನುವಾರ ನಡೆಯಿತು. ಮತ್ತೆ ಮೇಷ್ಟರು. ಮೇಜಿನ ಮೂಲೆಯಲ್ಲಿ ಯಾರೋ ತಂದಿಟ್ಟ ಎಳ್ಳು-ಬೆಲ್ಲದ ಪೊಟ್ಟಣಗಳು. ಮೂರನೆಯ ಸರದಿಯಲ್ಲೇ ಒಬ್ಬ ಲೈನ್‌ಮನ್ ಪ್ರಜ್ಞೆ ತಪ್ಪಿ ಹೊರಬಿದ್ದ. ವೈದ್ಯನನ್ನು ಬಳಸಿ ಅವನನ್ನು ಅಂಗಳದಲ್ಲೇ ಉಳಿಸಿಕೊಳ್ಳಬಹುದಿತ್ತು. ಹುಡುಗ ಬೆರಳಿನಿಂದ ಮೇಜು ತಟ್ಟುತ್ತಾ ಯೋಚಿಸಿ, "ಬೇಡ, ಅವನು ಆಮೇಲೆ ಎದ್ದು ಬರಲಿ," ಎಂದ. ದ್ವಿತೀಯಾರ್ಧದಲ್ಲಿ ಉಳಿದ ಒಬ್ಬ ವಾರ್‌ಡ್ಯಾನ್ಸರ್ ಕೆಳಗೆ ಬಿದ್ದ. ಮೇಷ್ಟರು ಈ ಸಲವೂ ಮೂವರನ್ನು ನಡೆಸಿದರು. ಕವಚ ಒಡೆಯಿತು, ಗಾಯವಾಯಿತು, ಹದಿನಾರು ಮುಖದ ದಾಳದಲ್ಲಿ 14: ಬದುಕಿರುವಷ್ಟು ದಿನ ಉಳಿಯುವ ಪೆಟ್ಟು. ಹುಡುಗ ವೈದ್ಯನನ್ನು ಕರೆದ. ಮತ್ತೆ ಎಸೆದಾಗ 5. ಬೊಂಬೆ ಮೀಸಲು ಆಟಗಾರರ ಸಾಲಿಗೆ ಹೋಗಿ ನಿಂತಿತು.

ಪಂದ್ಯವನ್ನು 1–2ರಲ್ಲಿ ಸೋತ. ಎಲ್ಫ್‌ಗಳ ಆ ಒಂದು ಟಚ್‌ಡೌನ್, ದಸರಾದಲ್ಲಿ 70 ಸಾವಿರಕ್ಕೆ ಕೊಂಡ ಲೈನ್‌ಮನ್‌ನದು. ಪಂದ್ಯಶ್ರೇಷ್ಠಕ್ಕೆ ಆರು ಹೆಸರು ಬರೆದು ದಾಳ ಎಸೆದಾಗಲೂ ಅವನೇ ಬಂದ. 3 ಮತ್ತು 4 ಸೇರಿ 7.

"ಏನು ಕೊಡುತ್ತೀಯಪ್ಪ ಇವನಿಗೆ?" ಎಂದು ಮೇಷ್ಟರು ತಮ್ಮ ಡ್ವಾರ್ಫ್‌ಗಳನ್ನು ಪೆಟ್ಟಿಗೆಗೆ ಹಾಕುತ್ತಾ ಕೇಳಿದರು.

"ಬ್ಲಾಕ್, ಮೇಷ್ಟರೇ," ಎಂದ ಹುಡುಗ. ರಬ್ಬರ್‌ಗಳ ಪೊಟ್ಟಣದಲ್ಲಿ ನೀಲಿ ಮುಗಿದಿತ್ತು. ಸ್ಪಂಜಿನ ಪೆಟ್ಟಿಗೆಯ ಮೂಲೆಯಿಂದ ಕೆಂಚನನ್ನು ಹೊರತೆಗೆದು, ಅವನ ಪೀಠದಿಂದ ನೀಲಿ ರಬ್ಬರ್ ಒಂದನ್ನು ಬಿಡಿಸಿ ಲೈನ್‌ಮನ್‌ನ ಪೀಠಕ್ಕೆ ಸುತ್ತಿದ.